ಅಕ್ಕೋರು ಮನೆಗೆ ಒಯ್ಯುತ್ತಿದ್ದ ಕಪ್

ಅಕ್ಕೋರು ತೀರಿಕೊಂಡ ದಿನ ಅವರ ಕೋಣೆಯ ಕೆಳಗಿನ ಮಗ್ಗಗಳನ್ನು ನಿಲ್ಲಿಸಬೇಕೋ ಬೇಡವೋ ಎಂಬ ಮಾತು ಬಂತು. ಮನೆಯ ಮಾಲೀಕರು ಸಂಭಾವಿತರು. "ಎಲ್ಲಾ ಮುಗಿಯೂತನಾ ಬಂದ್ ಇಡೂಣ್ರಿ" ಎಂದರು. ನಾನು ಬೇಡವೆಂದೆ. ರಬಕವಿಯ ಆ ಓಣಿಯಲ್ಲಿ ಅಕ್ಕೋರಿಗೆ ನಿದ್ದೆ ಹತ್ತುತ್ತಿದ್ದುದೇ ಮಗ್ಗದ ಸಪ್ಪಳದಲ್ಲಿ. ಕರೆಂಟು ಹೋಗಿ ಮಗ್ಗ ನಿಂತರೆ ದಡಕ್ಕನೆ ಎದ್ದು ಕೂತು, "ಏನಾತು? ಯಾರ ಬಂದ್ರು?" ಎಂದು ಕೇಳುತ್ತಿದ್ದರು.

"ನಿಲ್ಲಿಸಬ್ಯಾಡ್ರಿ, ಅವರಿಗೆ ಎಚ್ಚರ ಆಗ್ತೈತಿ" ಎಂದೆ.

ಆಡಿದ ಮೇಲೆ ಏನು ಆಡಿದೆನೆಂದು ತಿಳಿಯಿತು. ಯಾರೂ ನಗಲಿಲ್ಲ. ಮಗ್ಗಗಳು ನಡೆದೇ ಇದ್ದವು.

ನಾನು ದಿನಾ ಡೈರಿ ಬರೆಯುವವಳು. ಯಾವ ಊರಿನಲ್ಲಿ ಯಾವ ನಾಟಕ, ಎಷ್ಟು ಹೊತ್ತಿಗೆ ಪರದೆ ಎದ್ದಿತು, ಎಷ್ಟು ಹಾಡು, ಯಾವ ಬಸ್ಸಿಗೆ ಮರಳಿದೆವು ಎಂದೆಲ್ಲ ಬರೆದಿಡುವ ಚಟ. ಸಂಕ್ರಾಂತಿಯ ಮರುವಾರದ ಆ ದಿನ ಮಾತ್ರ ದಿನಾಂಕದ ಕೆಳಗೆ ಏನೂ ಬರೆಯಲಾಗಲಿಲ್ಲ. ಆ ಪುಟ ಹಾಗೇ ಇದೆ. ಅಲ್ಲಿ ಬರೆಯಬೇಕಾದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಅನ್ನುವುದು ರೂಢಿ. ಆದರೆ ರಬಕವಿ-ಬನಹಟ್ಟಿಯಲ್ಲಿ ಬರೀ ಅಕ್ಕೋರು ಎಂದರೆ ಇವರೊಬ್ಬರೇ. ನನಗೆ ಕನ್ನಡ ಕಲಿಸಿದವರು. ಹುಟ್ಟಿದ್ದು ಮುಧೋಳದಲ್ಲಿ. ನೌಕರಿಗೆಂದು ಇಲ್ಲಿಗೆ ಬಂದವರು ನಿವೃತ್ತರಾದ ಮೇಲೂ ಬಾಡಿಗೆಯ ಕೋಣೆ ಬಿಡಲಿಲ್ಲ. ಲಗ್ನವಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಮಾಡಿದವರಿಗೆ, "ತಾಲೀಮ ಇತ್ತು ನೋಡ್ರಿ, ಟೈಮ್ ಸಿಗಲಿಲ್ಲ" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಸಾಲಿಯ ಹುಡುಗಿಯರಿಂದ ನಾಟಕ ಆಡಿಸುತ್ತಿದ್ದವರು ಅವರು. ಆ ಹುಡುಗಿಯರು ಲಗ್ನವಾಗಿ ಹೋದ ಮೇಲೆ ಒಬ್ಬಳೂ ಮತ್ತೆ ರಂಗದ ಮೆಟ್ಟಿಲು ಹತ್ತಲಿಲ್ಲ. ಇದೊಂದು ಕೊರಗು ಅವರ ಎದೆಯಲ್ಲಿ ಕೊನೆಯವರೆಗೂ ಇತ್ತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲೂಕಿನ ಹಳ್ಳಿಗಳಲ್ಲಿ ಊರವರೇ ಕೂಡಿ ಆಡುವ ನಾಟಕಗಳಿಗೆ ಪ್ರತಿ ವರ್ಷ ಪ್ರಶಸ್ತಿ ಕೊಡುವ ಸಣ್ಣ ಸಮಿತಿಯೊಂದಿದೆ. ಮಾತಿನ ನಾಟಕಕ್ಕೊಂದು ಢಾಲು, ಅಂದರೆ ಶೀಲ್ಡು, ಹಾಡಿನ ನಾಟಕಕ್ಕೊಂದು ಢಾಲು, ಆಮೇಲೆ ನಟರಿಗೆ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ, ತಬಲಾದವರಿಗೆ ಒಂದೊಂದು ಕಪ್. ಸಂಕ್ರಾಂತಿಯಿಂದ ಬೇಸಿಗೆಯ ತನಕ ನಾಟಕಗಳಾಗುತ್ತವೆ. ಗಣಪತಿ ಹಬ್ಬ ಮುಗಿದ ಮೇಲೆ ಒಂದು ರವಿವಾರ ಜಮಖಂಡಿಯಲ್ಲಿ ಸಮಾರಂಭ. ಅಕ್ಕೋರು ಶುರುವಿನಿಂದಲೂ ಅದರ ಪರೀಕ್ಷಕರು. ಕಾಲೇಜು ಮುಗಿಸಿ ಬನಹಟ್ಟಿಯ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದ ನನ್ನನ್ನು ಒಂದು ದಿನ ಬಸ್ಟ್ಯಾಂಡಿನಲ್ಲಿ ಹಿಡಿದರು.

"ದಿನಾ ಡೈರಿ ಬರೀತಿಯಂತ ಖರೆ ಏನು?"

"ಹೂಂನ್ರಿ ಅಕ್ಕೋರ."

"ಏನ ಬರೀತಿ ಅದರಾಗ? ಬದನಿಕಾಯಿ ಪಲ್ಯಾ ಮಾಡಿದ್ದೆ ಅಂತನಾ?"

ನಾನು ಅದನ್ನೂ ಬರೆಯುತ್ತಿದ್ದೆ.

"ನನ್ನ ಜೋಡಿ ಬಾ. ನಾ ನೋಡತೇನಿ, ನೀ ಬರಕೋ. ಎರಡೂ ಕೂಡಿ ಮಾಡಾಕ ಹ್ವಾದರ ನಾಟಕ ತಪ್ಪಿಸಿಕೊಂಡು ಹೋಗ್ತೈತಿ."

ಹೀಗೆ ನಾನು ಅವರ ಜೊತೆ ಊರೂರು ತಿರುಗಲು ಶುರು ಮಾಡಿದೆ.

ಯಾವ ಊರಿಗೆ ಹೋದರೂ ಮುಂದಿನ ಸಾಲಿನಲ್ಲಿ ಪರೀಕ್ಷಕರಿಗೆ ಕುರ್ಚಿ ಹಾಕಿ, ಮೇಲೆ ಟವೆಲು ಹಾಸಿರುತ್ತಿದ್ದರು. ಅಕ್ಕೋರು ಆ ಕುರ್ಚಿಗೆ ಒಂದು ನಮಸ್ಕಾರ ಮಾಡಿ, ಹೋಗಿ ತಾಡಪತ್ರಿಯ ಮೇಲೆ ಹೆಂಗಸರ ನಡುವೆ ಕೂತುಬಿಡುವರು. ಎಡಗಿವಿ ಸ್ವಲ್ಪ ಮಂದ. ಬಲಗಿವಿಯನ್ನು ಪೇಟಿಯ ಕಡೆಗೆ ಮಾಡಿ ಕೂಡುವರು. ಅವರ ಕಣ್ಣು ಅರ್ಧ ರಂಗದ ಮೇಲೆ, ಅರ್ಧ ಹೆಂಗಸರ ಮೇಲೆ. ಹೆಂಗಸರು ಮಕ್ಕಳಿಗೆ ಸೆರಗು ಹೊದಿಸಲು ಶುರು ಮಾಡಿದರೆ ದೃಶ್ಯ ಸಡಿಲಾಯಿತೆಂದು ಅರ್ಥ. ಎಲೆ ಅಡಿಕೆ ಬಾಯಿಗೆ ಹೋಗುವ ಬದಲು ಕೈಯಲ್ಲೇ ನಿಂತಿದ್ದರೆ, "ಬರಕೋ, ಇಲ್ಲೆ ಹಿಡದಾರ" ಎಂದು ನನ್ನ ಮೊಣಕಾಲು ತಟ್ಟುವರು.

ನಮ್ಮ ಕಡೆ ನಾಟಕ ನೋಡದವರಿಗೆ ಆಯೇರಿಯ ಸಂಗತಿ ಹೇಳಬೇಕು. ಪಾತ್ರ ಮಾಡಿದವರಿಗೆ ಬೀಗರು, ಗೆಳೆಯರು ನಾಟಕದ ನಡುವೆಯೇ ರಂಗಕ್ಕೆ ಹತ್ತಿ ಟವೆಲು ಹೊದಿಸಿ, ಉಂಗುರ ತೊಡಿಸುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಬೇಕು. ನಾಟಕ ಅಷ್ಟು ಹೊತ್ತು ನಿಲ್ಲಬೇಕು. ತೇರದಾಳದ ಕಡೆ ಒಂದು ಊರಿನಲ್ಲಿ ನಾಯಕ ಗುಂಡು ತಗಲಿ ಸತ್ತು ಬಿದ್ದಿದ್ದ. ತಾಯಿಯ ಪಾತ್ರದವಳು ಅವನ ಎದೆಯ ಮೇಲೆ ಬಿದ್ದು ಅಳುತ್ತಿದ್ದಳು. ಆಗಲೇ ಅವನ ಮಾವನ ಮನೆಯವರು ಆಯೇರಿ ಹಿಡಿದುಕೊಂಡು ಮೇಲೆ ಬಂದರು. ಹೆಣ ಎದ್ದು ಕೂತಿತು. ಟವೆಲು ಹೊದಿಸಿಕೊಂಡು, ಮಾವನ ಕಾಲಿಗೆ ನಮಸ್ಕಾರ ಮಾಡಿ ಮತ್ತೆ ಮಲಗಿತು. ತಾಯಿ ಬಿಟ್ಟಲ್ಲಿಂದ ಅಳಲು ಶುರು ಮಾಡಿದಳು.

ಮುಂದಿನ ಕುರ್ಚಿಯಲ್ಲಿದ್ದ ಇನ್ನೊಬ್ಬ ಪರೀಕ್ಷಕರು ನಮ್ಮ ಕಡೆ ಹೊರಳಿ, "ಇದಕ್ಕ ಸೊನ್ನಿನ ಕೊಡಬೇಕ್ರಿ" ಎಂದು ಸಿಟ್ಟಾದರು.

"ಯಾಕ್ರಿ? ಮಾವ ಬಂದ ಮ್ಯಾಲ ಏಳಬೇಕಲ್ಲ" ಎಂದರು ಅಕ್ಕೋರು. "ಅವ ಎದ್ದದ್ದು ತಪ್ಪಲ್ಲ. ಮೊದಲ ತಲಿ ಪೇಟಿ ಕಡೆ ಇತ್ತು, ಈಗ ಕಾಲ ಪೇಟಿ ಕಡೆ ಮಾಡ್ಯಾನ. ಹೆಣ ಹೊಳ್ಳಿ ಮಲಗತೈತೇನ್ರಿ? ಎರಡ ಮಾರ್ಕ ಕಡಿರಿ."

ಬೆಳಿಗ್ಗೆ ಚಹಾ ಕುಡಿಯುವಾಗ ಆ ನಟನನ್ನು ಕರೆಸಿ, ತಾವು ಎದ್ದು ನಿಂತು ಅವನಿಗೆ ಇದನ್ನೇ ಹೇಳಿದರು. ಆಡಿದವರ ತಪ್ಪು ಹೇಳುವಾಗ ಅವರು ಎಂದೂ ಕೂತು ಹೇಳಿದವರಲ್ಲ. ಆ ಹುಡುಗ ಕಿವಿ ಹಿಡಿದುಕೊಂಡು, "ಮುಂದಿನ ಸಲ ಪಕ್ಕಾ ಸಾಯ್ತೇನ್ರಿ ಅಕ್ಕೋರ" ಎಂದ.

ಒನ್ಸ್ ಮೋರ್ ಬಗ್ಗೆಯೂ ಅವರದೊಂದು ಕಾನೂನು ಇತ್ತು. ಜನ ಸಿಳ್ಳೆ ಹೊಡೆದು ಹಾಡನ್ನು ಮತ್ತೆ ಹಾಡಿಸಿದರೆ ನನ್ನ ಪೆನ್ನು ಮುಚ್ಚಿಸುತ್ತಿದ್ದರು. "ಮೊದಲ ಹಾಡಿದ್ದು ಅವಂದು, ಅದಕ್ಕ ಮಾರ್ಕ ಹಾಕು. ಎರಡನೇದ್ದು ಮಂದಿದು. ಅದನ್ನ ಸುಮ್ನ ಕೇಳು" ಎನ್ನುವರು. ಆ ಎರಡನೆಯ ಸಲದ ಹಾಡುಗಳನ್ನು ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳುತ್ತಿದ್ದುದು ನನಗೆ ಎಷ್ಟೋ ನಾಟಕಗಳಿಗಿಂತ ಚೆನ್ನಾಗಿ ನೆನಪಿದೆ.

ಇನ್ನು ಆ ಕಪ್ಪಿನ ಮಾತು. ಊರವರ ನಾಟಕ ಎಂದರೂ ಆಡುವವರು ಗಂಡಸರು ಮಾತ್ರ. ಹೆಣ್ಣು ಪಾತ್ರಗಳಿಗೆ ಗದಗ, ಹುಬ್ಬಳ್ಳಿ ಕಡೆಯಿಂದ ಕಲಾವಿದೆಯರನ್ನು ಸಂಬಳ ಕೊಟ್ಟು ಕರೆಸುತ್ತಾರೆ. ಅವರು ಹಿಂದಿನ ದಿನ ಬ್ಯಾಗು ಹಿಡಿದು ಬಸ್ಸಿಳಿಯುತ್ತಾರೆ. ಊರ ಸಾಲಿಯ ಒಂದು ಕೋಣೆಯಲ್ಲಿ ಇಳಿದುಕೊಳ್ಳುತ್ತಾರೆ. ಊಟ ಡಬ್ಬಿಯಲ್ಲಿ ಅಲ್ಲಿಗೇ ಹೋಗುತ್ತದೆ. ಆಟ ಮುಗಿದ ಮುಂಜಾನೆ ಮೊದಲ ಬಸ್ಸಿಗೆ ಮುಂದಿನ ಊರು. ಯಾರ ಮನೆಯ ಪಡಸಾಲೆಯನ್ನೂ ಅವರು ನೋಡುವುದಿಲ್ಲ.

ಉತ್ತಮ ನಟಿಯ ಕಪ್ಪಿಗೆ ಅಕ್ಕೋರು ಹಾಕಿದ ನಿಯಮ ಒಂದೇ. ಅದು ಆ ಊರಿನ ಹೆಣ್ಣುಮಗಳಿಗೇ ಹೋಗಬೇಕು, ಹೊರಗಿನಿಂದ ಕರೆಸಿದವರಿಗಲ್ಲ. ಕಪ್ಪಿನ ಆಸೆಗಾದರೂ ಯಾವುದಾದರೊಂದು ಮನೆಯಿಂದ ಒಬ್ಬ ಮಗಳೋ ಸೊಸೆಯೋ ಮೆಟ್ಟಿಲು ಹತ್ತಿಯಾಳು ಎಂಬುದು ಅವರ ಲೆಕ್ಕ. ತಾವು ಗಟ್ಟಿ ಇರುವಾಗಲೇ ತಮ್ಮ ಕೈಯಿಂದ ಅದನ್ನು ಕೊಡಬೇಕೆಂಬುದು ಅವರ ಹಂಬಲ. ಯಾರೂ ಹತ್ತಲಿಲ್ಲ. ಪ್ರತಿ ವರ್ಷ ಸಮಾರಂಭದಲ್ಲಿ ಅಕ್ಕೋರು ಮೈಕಿನ ಮುಂದೆ ಬಂದು ಹೇಳುವರು:

"ಉತ್ತಮ ನಟಿ, ಈ ವರ್ಷನೂ ಯಾರಿಲ್ಲ. ಕುಟ್ಟೋ ಮುಂದ ಹಾಡ್ತೀರಿ, ಬೀಸೋ ಮುಂದ ಹಾಡ್ತೀರಿ, ಕೂಸಿನ ತೊಟ್ಟಲಾ ತೂಗೋ ಮುಂದ ಹಾಡ್ತೀರಿ. ನಾಕ ಮೆಟ್ಟಲಾ ಏರ್ರಿ ಅಂದ್ರ ಎಲ್ಲಾರ ಗಂಟಲಾ ಕೂಡತಾವ. ಕಪ್ಪ ಮನಿಗೆ ಒಯ್ತೇನಿ. ಬೇಕಾದಾಕಿ ಬಂದ ಕಸಗೊಳ್ರಿ."

ಜನ ನಗುತ್ತಿದ್ದರು. ಅವರು ಕಪ್ಪನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ ಹತ್ತುವರು. ಮನೆಯಲ್ಲಿ ಅದು ಕಿಟಕಿಯ ಮೇಲೆ ಇರುತ್ತಿತ್ತು. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಹೀಗೇ ಬಹಳ ವರ್ಷ ನಡೆಯಿತು.

ಎರಡು ವರ್ಷದ ಹಿಂದಿನ ಸಮಾರಂಭ ಮುಗಿದು ಜಮಖಂಡಿ ಬಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಗದಗಿನ ಕಡೆಯ ಕಲಾವಿದೆ ಕಸ್ತೂರಿ ಅಲ್ಲಿಗೆ ಬಂದಳು. ನಲವತ್ತು ದಾಟಿದ ಹೆಂಗಸು. ನಮ್ಮ ನಾಲ್ಕೂ ತಾಲೂಕಿನಲ್ಲಿ ಅವಳನ್ನು ನೋಡದ ಊರಿಲ್ಲ. ಆ ವರ್ಷ ಢಾಲು ಗೆದ್ದ ನಾಟಕದಲ್ಲಿ ತಾಯಿಯ ಪಾತ್ರ ಮಾಡಿದ್ದಳು. ತಂಡದವರು ಅವಳನ್ನೂ ಸಮಾರಂಭಕ್ಕೆ ಕರೆತಂದಿದ್ದರು.

"ಅಕ್ಕೋರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಕೇಳು."

"ನಿಮ್ಮ ನಾಕ ತಾಲೂಕಿನಾಗ ನಾ ಯಾವ ಊರಾಗ ಸತ್ತಿಲ್ಲ ಹೇಳ್ರಿ? ಊರಿಗೊಮ್ಮಿ ಲಗ್ನಾ ಆಗೇನಿ, ಊರಿಗೊಮ್ಮಿ ರಂಡಿಮುಂಡಿ ಆಗೇನಿ. ನಿಮ್ಮ ಹೆಣ್ಣಮಕ್ಕಳು ಮನಿ ಬಿಟ್ಟ ಬರಲಿಲ್ಲ, ಅವರ ಬದಲಿ ನಾ ಅತ್ತೇನಿ. ಈಗ ಕಪ್ಪ ಊರಾಕಿಗೆ ಅಂತೀರಿ. ಹಂಗಾದ್ರ ನನ್ನ ಊರ ಯಾವದ್ರಿ?"

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಖರೇನೇ ತಿಳಿಯಬೇಕಾಗಿದೆ ಎನ್ನುವಂತೆ ಕೇಳಿದಳು. ಅವಳ ಬಸ್ಸು ಬಂತು, ಅವಳು ಹೋದಳು. ನಮ್ಮ ಬಸ್ಸು ಬನಹಟ್ಟಿ ಮುಟ್ಟುವ ತನಕ ಅಕ್ಕೋರು ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು.

"ಆಕಿ ಅಂದದ್ದು ಬರಕೋಬ್ಯಾಡ" ಎಂದರು. ಇಳಿಯುವಾಗ, "ಇಲ್ಲ, ಬರಕೋ" ಎಂದರು.

ಮರುವರ್ಷ ಚಿಮ್ಮಡದ ನಾಟಕಕ್ಕೆ ಹೋದೆವು. ಕಸ್ತೂರಿಯದೇ ಮುಖ್ಯ ಪಾತ್ರ. ಪರದೆ ಏಳುವ ಮೊದಲು ಮೈಕಿನಲ್ಲಿ ಕಸ್ತೂರಿಯನ್ನು ರಂಗದ ಮೇಲೆ ಕರೆದರು. ಆಮೇಲೆ ಖಳನಾಯಕನ ಪಾತ್ರ ಮಾಡುವ ಟ್ರ್ಯಾಕ್ಟರಿನ ಪರಸಪ್ಪನ ತಾಯಿ ರಂಗದ ಮೇಲೆ ಬಂದು, ಎಲ್ಲರೆದುರು ಕಸ್ತೂರಿಗೆ ಅರಿಷಿಣ ಕುಂಕುಮ ಹಚ್ಚಿ, ಜಂಪರ್ ಖಣ, ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. ತವರಿನವರು ಮಗಳಿಗೆ ಹೇಗೆ ತುಂಬುತ್ತಾರೋ ಹಾಗೆ. "ಇವತ್ತಿನಿಂದ ಕಸ್ತೂರಿಬಾಯಿ ನಮ್ಮ ಚಿಮ್ಮಡದ ಮಗಳು" ಎಂದು ಮೈಕು ಕೂಗಿತು. ಜನ ಚಪ್ಪಾಳೆ ತಟ್ಟಿದರು. ನಿಯಮಕ್ಕೆ ಊರ ಮಗಳು ಬೇಕು, ಅವರು ಊರ ಮಗಳನ್ನು ಮಾಡಿಕೊಂಡರು. ಬೀಳಗಿ ಕಡೆಯ ತಂಡದವರು ನಾಟಕ ನೋಡಲು ಬಂದಿದ್ದರು. "ಇದು ಕಪ್ಪ ಹೊಡಿಯೋ ಆಟ ಐತಿ, ನಡಿಯಂಗಿಲ್ಲ" ಎಂದು ಅಲ್ಲಿಯೇ ಗದ್ದಲ ಮಾಡಿದರು.

ಅಕ್ಕೋರು ನಾಟಕ ಪೂರಾ ನೋಡಿದರು. ಕಸ್ತೂರಿ ಆ ದಿನ ಆಡಿದ ರೀತಿಯ ಬಗ್ಗೆ ಯಾರಿಗೂ ಎರಡು ಮಾತಿರಲಿಲ್ಲ. ಬೆಳಿಗ್ಗೆ ಅಕ್ಕೋರು ನೇರವಾಗಿ ಪರಸಪ್ಪನ ಮನೆಗೆ ನಡೆದರು. ಕಸ್ತೂರಿಯನ್ನೂ ಸಾಲಿಯ ಕೋಣೆಯಿಂದ ಕರೆಸಿದರು. ಅವಳು ಬ್ಯಾಗು ಸಮೇತ ಬಂದು, ಒಳಗೆ ಬಾರದೆ ಕಟ್ಟೆಯ ತುದಿಗೆ ಕೂತಳು.

"ಯವ್ವಾ, ಉಡಿ ಯಾಕ ತುಂಬಿದ್ರಿ?" ಎಂದು ಅಕ್ಕೋರು ಮುದುಕಿಯನ್ನು ಕೇಳಿದರು.

ಪರಸಪ್ಪ ಬಾಯಿ ತೆರೆಯುವಷ್ಟರಲ್ಲಿ ಮುದುಕಿ, "ನಿಮ್ಮ ಕಪ್ಪ ಸಲವಾಗಿ ಬೇ ಯವ್ವಾ" ಎಂದುಬಿಟ್ಟಳು. "ಹಿಂಗ ಮಾಡಿದ್ರ ಬರತೈತಿ ಅಂತ ಈ ಹುಡುಗೂರು ಅಂದ್ರು."

"ಏ ಯವ್ವಾ, ಸುಮ್ಕಿರ ಬೇ" ಎಂದು ಪರಸಪ್ಪ ಹಣೆ ಚಚ್ಚಿಕೊಂಡ.

ಅಕ್ಕೋರು ನಗಲಿಲ್ಲ. "ಅದು ಇರಲಿ. ಉಡಿ ತುಂಬಿದ್ದು ಖರೆ ಐತಿ. ಪಂಚಮಿಗೆ ಕರೀತೀರೇನು?"

ನಾಗರಪಂಚಮಿಗೆ ತವರಿನವರು ಹೋಗಿ ಮಗಳನ್ನು ಕರೆತರಬೇಕು. ಬಂದವಳನ್ನು ಡಬ್ಬಿಯ ಊಟ ಕೊಟ್ಟು ಸಾಲಿಯಲ್ಲಿ ಇಳಿಸುವಂತಿಲ್ಲ. ಮನೆಯಲ್ಲೇ ಉಣ್ಣಬೇಕು, ಮನೆಯಲ್ಲೇ ಮಲಗಬೇಕು, ಜೋಕಾಲಿ ಆಡಬೇಕು, ಹೋಗುವಾಗ ಸೀರೆ ಉಡಿಸಿ ಕಳಿಸಬೇಕು. ಒಳಗಿನಿಂದ ಪರಸಪ್ಪನ ಹೆಂಡತಿ ಮಹಾದೇವಿ ಪಾತ್ರೆಯೊಂದನ್ನು ಟಣ್ಣೆಂದು ಇಟ್ಟ ಸದ್ದು ಬಂತು.

ಕಸ್ತೂರಿ ಬ್ಯಾಗಿನ ಪಟ್ಟಿಯನ್ನೇ ನೋಡುತ್ತ, "ಬಿಡ್ರಿ ಅಕ್ಕೋರ. ಪಾತ್ರದಾಗ ತುಂಬ್ಯಾರ, ಪಾತ್ರ ಮುಗೀತು" ಎಂದಳು.

ಮುದುಕಿ ಅವಳ ಕಡೆ ತಿರುಗಿದಳು. "ಅಲ್ಲ ಬೇ, ನನ್ನ ಕೈಲೆ ಅಕ್ಕಿ ಹಾಕೇನಿ. ಅದು ಸುಳ್ಳ ಹೆಂಗ ಆಗ್ತೈತಿ? ಲೇ ಪರಸ್ಯಾ, ಪಂಚಮಿಗೆ ಹೋಗಿ ಕರಕೊಂಡ ಬಾ."

"ಆತ ಬಿಡ ಬೇ, ಕರಕೊಂಡ ಬರ್ತೇನಿ" ಎಂದ ಪರಸಪ್ಪ.

"ರೊಟ್ಟಿ ಬಡಿಯಾಕಿ ನಾನು, ಹೂಂ ಅನ್ನಾಕಿ ಅವರ ಅವ್ವ" ಎಂದು ಒಳಗಿನಿಂದ ಮಹಾದೇವಿಯ ದನಿ ಬಂತು.

ಅಕ್ಕೋರು ಎದ್ದರು. "ಮೊದಲ ಪಂಚಮಿ ಆಗಲಿ. ಕಪ್ಪಿನ ಮಾತ ಆಮ್ಯಾಲ."

ಸಮಿತಿಯವರು ಬೇಸಿಗೆಯಲ್ಲೇ ಫಲಿತಾಂಶ ಕೇಳಿದರು. ಎಲ್ಲ ಕೊಟ್ಟರು, ಅದೊಂದನ್ನು ಕೊಡಲಿಲ್ಲ. ಆ ತಿಂಗಳುಗಳಲ್ಲಿ ಅವರಿಗೆ ದಮ್ಮು ಶುರುವಾಗಿತ್ತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ನನ್ನ ಹೆಗಲು ಹಿಡಿಯುತ್ತಿದ್ದರು. ಬಾಗಿಲ ಹಿಂದೆ ಕ್ಯಾಲೆಂಡರ್ ತೂಗುತ್ತಿದ್ದರೂ, "ಪಂಚಮಿ ಯಾವಾಗ ಬಂತು?" ಎಂದು ನನ್ನನ್ನೇ ಕೇಳುವರು. ಒಮ್ಮೆ, "ಅವರು ಕರೀದಿದ್ರ ಏನ ಮಾಡೂದ ತಂಗಿ? ಆಕಿಗೆ ಎರಡನೇ ಸಲ ಇಲ್ಲ ಅನ್ನಾಕ ನನ್ನ ಕಡಿಂದ ಆಗೂದಿಲ್ಲ" ಎಂದರು.

ಪಂಚಮಿಯ ದಿನ ಬನಹಟ್ಟಿಯಿಂದ ಆಟೋದಲ್ಲಿ ಚಿಮ್ಮಡಕ್ಕೆ ಹೋದೆವು. ಬೇವಿನ ಮರಗಳಿಗೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಇಬ್ಬಿಬ್ಬರು ನಿಂತು ಜೀಕುತ್ತಿದ್ದರು. ಅಕ್ಕೋರು ಒಂದೊಂದೇ ಮುಖ ನೋಡುತ್ತ ನಡೆದರು. ಕಸ್ತೂರಿ ಅಲ್ಲೆಲ್ಲೂ ಇರಲಿಲ್ಲ. ಪರಸಪ್ಪನ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಕಟ್ಟೆಯ ಮೇಲೆ ಯಾರೂ ಇಲ್ಲ. ಅಕ್ಕೋರು ಟ್ರ್ಯಾಕ್ಟರಿನ ಗಾಲಿ ಹಿಡಿದು ದಮ್ಮು ತೆಗೆದುಕೊಳ್ಳಲು ನಿಂತರು. ಆಗ ಒಳಗಿನಿಂದ ಮಾತು ಕೇಳಿಸಿತು.

"ಇದೇನ ಮಾದೇವಿ, ಶೇಂಗಾ ಉಂಡಿ ಏನ ಗುಂಡಕಲ್ಲ? ಬೆಲ್ಲದ ಪಾಕ ಏರಿಸಿ ಬಿಟ್ಟೀಯಲ್ಲ, ನನ್ನ ಹಲ್ಲ ಮುರಿಬೇಕಂತ ಮಾಡಿಯೇನು?"

ಕಸ್ತೂರಿಯ ದನಿ.

"ಮೊದಲ ಹಲ್ಲ ಎಷ್ಟ ಉಳದಾವ ಎಣಿಸಿ ಹೇಳ, ಆಮ್ಯಾಲ ಮುರಿಯೋ ಮಾತ ಆಡೂಣು" ಎಂದಳು ಮಹಾದೇವಿ. "ನಾಕ ದಿನ ಆತು ಬಂದು, ಕುಂತಲ್ಲೆ ಹೆಸರ ಇಡಾಕಿ. ಬಾ, ನೀನ ಕಟ್ಟ ಬಾ."

"ಕಟ್ತೇನ ಸರಿ ಅತ್ತಾಗ. ನೋಡ ಹಿಂಗ. ಪಾಕ ಎಳಿ ಬರೋದ್ರಾಗ ಇಳಸಬೇಕು. ನಮ್ಮ ಎರಡನೇ ಪ್ರವೇಶದ ಹಾಡ ಒಂದ ಸಲ ಅಂದ ಮುಗಿಸೂದ್ರಾಗ ಪಾಕ ಆಗ್ತೈತಿ ನೋಡ."

"ಹಾಡ ಯಾವದದು?"

ಕಸ್ತೂರಿ ಹಾಡತೊಡಗಿದಳು. ಅಕ್ಕೋರು ತರಗತಿಯಲ್ಲಿ ಮಕ್ಕಳನ್ನು ಸುಮ್ಮನಾಗಿಸುವಾಗ ಎತ್ತುತ್ತಿದ್ದ ಹಾಗೆ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಹಾಡು ಮುಗಿಯುವ ತನಕ ಕೇಳಿದರು. ಆಮೇಲೆ, "ನಡಿ" ಎಂದರು.

"ಒಳಗ ಹೋಗೂದಿಲ್ಲೇನ್ರಿ?"

"ಯಾಕ? ನೋಡಿದ್ದಾತು. ಬೀಗತನಕ್ಕ ಬಂದಾಕಿ ಆಗಿದ್ರ ಕೊಟ್ಟ ಉಂಡಿ ಸುಮ್ನ ತಿಂತಿದ್ಲು. ತವರಮನ್ಯಾಗ ಅಷ್ಟ ಹೆಸರ ಇಡಾಕ ಬರತೈತಿ. ನಾವ ಒಳಗ ಹ್ವಾದರ ಇಬ್ಬರೂ ಪರೀಕ್ಷಾ ಅಂತ ನೆಟ್ಟಗ ಕೂಡತಾರ."

ಆಟೋದಲ್ಲಿ ಮರಳುವಾಗ ಅವರು ಹೊರಗಿನ ಕಬ್ಬಿನ ಹೊಲಗಳನ್ನೇ ನೋಡುತ್ತಿದ್ದರು. "ಪಂಚಮಿಗೆ ಕರಿಯಾಕ ಮುಧೋಳದಿಂದ ನಮ್ಮಣ್ಣ ಬರತಿದ್ದ" ಎಂದರು. "ಸೈಕಲ್ ಮ್ಯಾಲ ಬರತಿದ್ದ ಮೊದಮೊದಲಿಗೆ. ನಾ ಏ ರಜಾ ಇಲ್ಲೋ ಅಂತಿದ್ದೆ. ಅವ ಕಟ್ಟಿಮ್ಯಾಲ ಕುಂತ ಬಿಡತಿದ್ದ, ನೀ ಬರೂತನಾ ಏಳೂದಿಲ್ಲ ಅಂತ. ಅವ ಹ್ವಾದ ಮ್ಯಾಲ ಯಾರೂ ಬರಲಿಲ್ಲ. ರಜಾ ಭಾಳ ಉಳದಾವ ಈಗ."

ಆ ವರ್ಷದ ಸಮಾರಂಭದಲ್ಲಿ ಅವರು ಮೈಕಿನ ಮುಂದೆ ಬಂದಾಗ ಜನ ಎಂದಿನಂತೆ ನಗಲು ತಯಾರಾಗಿದ್ದರು. "ಉತ್ತಮ ನಟಿ, ಕಸ್ತೂರಿ, ಚಿಮ್ಮಡ" ಎಂದರು. ನಗುವವರು ಚಪ್ಪಾಳೆ ತಟ್ಟಿದರು. ಕಸ್ತೂರಿ ಮೇಲೆ ಬಂದವಳು ಕಪ್ಪಿಗೆ ಕೈ ಒಡ್ಡದೆ, "ಇನ್ನೊಮ್ಮೆ ಹೇಳ್ರಿ" ಎಂದಳು. ಮೈಕಿಗೆ ಅದು ಕೇಳಿಸಿತು. ಅಕ್ಕೋರು ಇನ್ನೊಮ್ಮೆ ಹೇಳಿದರು, ಊರಿನ ಹೆಸರನ್ನು ಒತ್ತಿ ಹೇಳಿದರು.

ಕೊಟ್ಟ ಮೇಲೆ ಅವರೇ ಮಾತು ಮುಂದುವರಿಸಿದರು. "ಈ ನಿಯಮ ಹಾಕಿದಾಕಿ ನಾನು. ನಾನ ತಗೀತೇನಿ. ಬರೋ ವರ್ಷದಿಂದ ಯಾರ ಛಲೋ ಆಡ್ತಾರ ಅವರಿಗೆ ಕಪ್ಪ. ಊರ ಕೇಳೂದಿಲ್ಲ."

ಇಳಿದು ಬಂದಾಗ ಸಮಿತಿಯ ಒಬ್ಬರು, "ಹಿಂಗ ಮಾಡಿದ್ರ ನಮ್ಮ ಮನಿ ಹೆಣ್ಣಮಕ್ಕಳು ಯಾಕ ಬರ್ತಾರ್ರಿ ಅಕ್ಕೋರ? ಇದ್ದ ಒಂದ ಆಶಾನೂ ತಗದ್ರಿ" ಎಂದರು.

"ಅದ ನನಗೂ ಹೆದರಿಕಿ ಐತ್ರಿ" ಎಂದರು ಅಕ್ಕೋರು.

ಆ ದಿನ ಬಸ್ಸಿನಲ್ಲಿ ಅವರ ತೊಡೆಯ ಮೇಲಿನ ಚೀಲ ಬರಿದಾಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮುಂದಿನ ಸೀಟಿನ ಸರಳು ಹಿಡಿದರು, ಒಮ್ಮೆ ಸೆರಗು ಸರಿಮಾಡಿಕೊಂಡರು. "ಕೊಟ್ಟದ್ದು ಬರೋಬ್ಬರಿ ಆತು ತಂಗಿ. ಆದ್ರ ನಾ ಕಾದದ್ದು ಬ್ಯಾರೆ ಇತ್ತು" ಎಂದರು. ಅವರು ಕಾದದ್ದು ಏನೆಂದು ನನಗೆ ಗೊತ್ತಿತ್ತು. ಒಲೆಯ ಮುಂದಿನಿಂದ ಎದ್ದು, ಮನೆಯವರೆದುರೇ ಮೆಟ್ಟಿಲು ಹತ್ತುವ ಒಬ್ಬಳು.

ಸಂಕ್ರಾಂತಿಯ ಮರುವಾರ ಅಕ್ಕೋರು ಹೋದರು.

ಯುಗಾದಿಯ ಹೊತ್ತಿಗೆ ಚಿಮ್ಮಡದಿಂದ ಕರೆ ಬಂತು. ನಾನೊಬ್ಬಳೇ ಹೋಗಿ ತಾಡಪತ್ರಿಯ ಮೇಲೆ ಕೂತೆ. ನಾಟಕದ ಎರಡನೆಯ ಪ್ರವೇಶದಲ್ಲಿ ತಂಗಿಯ ಪಾತ್ರಕ್ಕೆ ಮಹಾದೇವಿ ಬಂದಳು. ನನ್ನ ಪೆನ್ನು ಅಲ್ಲಿಯೇ ನಿಂತಿತು. ದೀಪಾವಳಿಗೆ ಮತ್ತೆ ತವರಿಗೆ ಬಂದಿದ್ದ ಕಸ್ತೂರಿ ಅಡುಗೆಮನೆಯಲ್ಲೇ ಅವಳಿಗೆ ಪಾತ್ರ ಕಲಿಸಿದ್ದಳಂತೆ. "ಅಕ್ಕೋರಿಗೆ ಹೇಳಬ್ಯಾಡ್ರಿ, ಬಂದ ನೋಡಲಿ ಅಂತ ಮುಚ್ಚಿಟ್ಟಿದ್ವಿ" ಎಂದು ಪರಸಪ್ಪ ಬೆಳಿಗ್ಗೆ ಹೇಳಿದ. ಹೇಳುತ್ತಲೇ ಮುಖ ಆಚೆ ತಿರುಗಿಸಿದ. ಒಂದು ಮಾತು ಮೊದಲೇ ಹೇಳಿದ್ದರೆ ಎಂದು ಅವನೂ ಅಂದುಕೊಂಡಿರಬೇಕು. ನಾನು ಆ ದಿನದಿಂದ ಎಷ್ಟು ಸಲ ಅಂದುಕೊಂಡಿದ್ದೇನೋ, ಅದನ್ನು ಮಾತ್ರ ಬರೆದಿಟ್ಟಿಲ್ಲ.

ಹೋದ ವಾರ ಈ ವರ್ಷದ ಸಮಾರಂಭ ಆಯಿತು. ಉತ್ತಮ ನಟಿಯ ಕಪ್ಪಿಗೆ ಪರೀಕ್ಷಕರ ಮುಂದೆ ಉಳಿದದ್ದು ಎರಡೇ ಹೆಸರು, ಕಸ್ತೂರಿ ಮತ್ತು ಮಹಾದೇವಿ. ಒಂದೇ ನಾಟಕ, ಒಂದೇ ಮನೆ. ಪರೀಕ್ಷಕರಲ್ಲಿ ಈಗ ನಾನೂ ಒಬ್ಬಳು. ಕಪ್ ಕಸ್ತೂರಿಗೆ ಹೋಯಿತು.

ಬಸ್ಟ್ಯಾಂಡಿನಲ್ಲಿ ಮಹಾದೇವಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನೇರ ನನ್ನ ಮುಂದೆ ಬಂದು ನಿಂತಳು.

"ಅಕ್ಕೋರ ಇದ್ದಿದ್ರ ನನಗ ಕೊಡತಿದ್ರು."

ನಾನು ಎದ್ದು ನಿಂತೆ. "ಇಲ್ಲ ವೈನಿ, ಕೊಡತಿರಲಿಲ್ಲ. ಅಳೋ ಪ್ರವೇಶದಾಗ ಕೂಸ ಚೀರಿದ ಕೂಡಲೇ ನೀವು ಆ ಕಡೆ ಹೊಳ್ಳಿ ನೋಡಿದ್ರಿ."

"ನನ್ನ ಕೂಸ ಅತ್ತರ ನಾ ನೋಡಬಾರದೇನ್ರಿ?"

"ನೀವ ನೋಡಬಹುದು. ಆ ತಂಗಿಗೆ ಇನ್ನಾ ಲಗ್ನಾ ಆಗಿದ್ದಿಲ್ಲ."

ಕಸ್ತೂರಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ನಗಬ್ಯಾಡ ನೀನು" ಎಂದು ಮಹಾದೇವಿ ಅವಳ ಮೇಲೆ ಹರಿಹಾಯ್ದಳು. "ಕಲಿಸೋ ಮುಂದ ಇದೊಂದ ಹೇಳಲಿಲ್ಲ ನೋಡ, ನಿನಗ ಕಪ್ಪ ಬೇಕಾಗಿತ್ತು." ಸಮಾಧಾನ ಮಾಡಲು ಬಂದ ಪರಸಪ್ಪನ ಕಡೆ ತಿರುಗಿದಳು. "ನಿಮಗೂ ಹೇಳ್ತೇನಿ. ಬರೋ ಯುಗಾದಿಗೆ ಕೂಸಿನ ಎತ್ಕೊಂಡ ನೀವ ಮನ್ಯಾಗ ಕೂಡ್ರಿ. ಖಳನಾಯಕನ ಪಾತ್ರಾ ಯಾರರ ಮಾಡ್ಲಿ, ನಾ ಅಂತೂ ಏರಾಕಿ."

ಅವಳ ಕಣ್ಣಲ್ಲಿ ಸಿಟ್ಟಿಗೆ ನೀರು ಬಂದಿತ್ತು. ಮನೆಯ ಹೆಣ್ಣುಮಗಳೊಬ್ಬಳು ಕಪ್ಪಿಗಾಗಿ ನಡುಬೀದಿಯಲ್ಲಿ ಹೀಗೆ ಜಗಳ ತೆಗೆಯುವುದನ್ನು ಕೇಳಲೆಂದೇ ಅಕ್ಕೋರು ಅಷ್ಟು ವರ್ಷ ಕಾದಿದ್ದು. ನನ್ನ ಬಸ್ಸು ಬಂತು. ಬಲಗಡೆಯ ಕಿಟಕಿಯ ಪಕ್ಕ ಕೂತು ಹೊರಗೆ ಕಿವಿ ಕೊಟ್ಟೆ. ಬಸ್ಸು ಹೊರಟಾಗಲೂ ಅವಳ ಜಗಳ ಮುಗಿದಿರಲಿಲ್ಲ.